ಬಾಡಿಗೆ ಮನೆಯವರ ಅರ್ಜಿ ಎಲ್ಲಿದೆ?

ಮದ್ರಸದ ಹಾಜರಿ ಪುಸ್ತಕ ನೋಡಿದರೆ ಊರಿನ ಬಾಡಿಗೆಯ ಕತೆ ಅದರಲ್ಲೇ ಗೊತ್ತಾಗುತ್ತದೆ. ಶವ್ವಾಲಿನಲ್ಲಿ ತರಗತಿ ಶುರುವಾಗುವಾಗ ಬರೆದ ಕೆಲವು ಹೆಸರುಗಳಿಗೆ ವರ್ಷ ಮುಗಿಯುವ ಮೊದಲೇ ಗೆರೆ ಎಳೆಯಬೇಕಾಗುತ್ತದೆ. ಮಗುವಿನದ್ದು ಏನೂ ತಪ್ಪಿಲ್ಲ. "ಮನೆ ಖಾಲಿ ಮಾಡ್ಲಿಕ್ಕೆ ಹೇಳಿದ್ದಾರೆ ಉಸ್ತಾದ್, ಇನ್ನು ವಾಮಂಜೂರು ಕಡೆ" ಅಂತ ಅದರ ಉಮ್ಮ ಹೇಳಿ ಹೋಗುತ್ತಾರೆ. ಮುಂದಿನ ವರ್ಷ ಅದೇ ಮಗು ಅಡ್ಯಾರಿನಲ್ಲಿ, ಅದರ ಮುಂದಿನ ವರ್ಷ ಫರಂಗಿಪೇಟೆಯಲ್ಲಿ. ಶಾಲೆ ಬದಲು, ಮದ್ರಸ ಬದಲು, ರೇಷನ್ ಅಂಗಡಿ ಬದಲು. ಬಾಪ ದುಡಿಯುವ ಜಾಗ ಮಾತ್ರ ಬದಲಾಗುವುದಿಲ್ಲ. ಅದೇ ಬಂದರು, ಅದೇ ಆಟೋ ಪಾರ್ಕು. ಬರುವ ದೂರ ಮಾತ್ರ ವರ್ಷದಿಂದ ವರ್ಷಕ್ಕೆ ಜಾಸ್ತಿ.

ಕುಲಶೇಖರ ಇಂಥ ಕುಟುಂಬಗಳು ಬಯಸುವ ಜಾಗ. ನಂತೂರಿನಿಂದ ಬಿಕರ್ನಕಟ್ಟೆ ದಾಟಿದರೆ ಸಿಗುವ ಈ ಊರಿಗೆ ಸಿಟಿ ಬಸ್ ಉಂಟು, ಶಾಲೆ ಉಂಟು, ಪೇಟೆ ಹತ್ತಿರ. ಹಾಲು ಒಕ್ಕೂಟದ ಡೇರಿ, ಕೊರ್ಡೆಲ್ ಇಗರ್ಜಿ, ರೈಲು ಸುರಂಗ ಎಲ್ಲ ಇಲ್ಲಿನ ಗುರುತುಗಳು. ಈಗ ಇಲ್ಲಿಂದ ಮೂಡುಬಿದಿರೆ, ಕಾರ್ಕಳದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 169 ನಾಲ್ಕು ಪಥವಾಗುತ್ತಿದೆ. ರಸ್ತೆ ಅಗಲವಾದಲ್ಲಿ ಜಾಗದ ಬೆಲೆ ಏರುತ್ತದೆ, ಜಾಗದ ಬೆಲೆಯ ಹಿಂದೆಯೇ ಬಾಡಿಗೆಯೂ ಏರುತ್ತದೆ. ಸ್ವಂತ ಮನೆ ಇದ್ದವರಿಗೆ ಇದು ಬರಕತ್ತು. ಬಿಡಾರದಲ್ಲಿ ಇರುವವರಿಗೆ ಇದು ಮುಂದಿನ ಎಗ್ರಿಮೆಂಟಿನ ಹೆದರಿಕೆ.

ಕಡಿಮೆ ದುಡಿಮೆಯವರಿಗೆ ಕೈಗೆಟಕುವ ಬಾಡಿಗೆಗೆ ಮನೆ ಕೊಡಲು ಸರ್ಕಾರದ ಯೋಜನೆ ಇದೆಯೇ, ಇದ್ದರೆ ಅದಕ್ಕೆ ಅರ್ಜಿ ಹಾಕುವುದು ಹೇಗೆ, ನಮ್ಮವರು ಯಾಕೆ ಹಾಕುತ್ತಿಲ್ಲ? ಈ ವಾರ ಈ ಪ್ರಶ್ನೆಯನ್ನೇ ನೋಡೋಣ.

ಹನ್ನೊಂದು ತಿಂಗಳ ಬದುಕು

ಬಾಡಿಗೆ ಎಗ್ರಿಮೆಂಟು ಯಾಕೆ ಹನ್ನೊಂದು ತಿಂಗಳಿಗೇ ಆಗುತ್ತದೆ ಅಂತ ಹೆಚ್ಚಿನವರು ಕೇಳುವುದೇ ಇಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಕರಾರನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತ ಮನೆ ಯಜಮಾನರು ಹನ್ನೊಂದು ತಿಂಗಳಿಗೆ ನಿಲ್ಲಿಸುತ್ತಾರೆ. ಎಷ್ಟೋ ಕಡೆ ಅದೂ ಇಲ್ಲ, ಬರೇ ಬಾಯಿಮಾತು. ಹೀಗೆ ತಿಂಗಳ ಲೆಕ್ಕದಲ್ಲಿ ಕುಳಿತವರನ್ನು ಬಿಡಿಸಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಹದಿನೈದು ದಿನದ ನೋಟಿಸು ಸಾಕು. ಹದಿನೈದು ದಿನದಲ್ಲಿ ಮಕ್ಕಳ ಶಾಲೆಯ ಹತ್ತಿರ, ಕೈಗೆ ನಿಲುಕುವ ಬಾಡಿಗೆಗೆ ಇನ್ನೊಂದು ಮನೆ ಹುಡುಕಬೇಕು. ಹುಡುಕಿದವರಿಗೇ ಗೊತ್ತು ಅದರ ಕಷ್ಟ.

"ಬಾಡಿಗೆ ಕಾಯ್ದೆ ಅಂತ ಒಂದು ಉಂಟಲ್ಲ?" ಎಂದು ಕೇಳುವವರಿದ್ದಾರೆ. ಉಂಟು. 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಆದರೆ ಊರಿನ ದರ್ಜೆಗೆ ತಕ್ಕಂತೆ ತಿಂಗಳಿಗೆ 3,500 ಅಥವಾ 2,000 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಮನೆಗಳು ಅದರ ಹೊರಗೆ. ಆ ಮೊತ್ತಕ್ಕೆ ಇಂದು ಮಂಗಳೂರಿನಲ್ಲಿ ಸಂಸಾರ ಇರುವಂಥ ಮನೆ ಎಲ್ಲಿ ಸಿಗುತ್ತದೆ? ಕಾಯ್ದೆ ಪುಸ್ತಕದಲ್ಲಿ ಇದೆ, ಬಾಡಿಗೆದಾರ ಅದರ ಹೊರಗೆ ನಿಂತಿದ್ದಾನೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತೆಗೆದುಕೊಳ್ಳಬಾರದು ಎಂಬ ಮಾತಿದೆ. ಹೆಸರೇ ಹೇಳುವ ಹಾಗೆ ಅದು ಮಾದರಿ. ರಾಜ್ಯಗಳು ತಮ್ಮ ಕಾನೂನು ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ.

ಇದರ ಮೇಲೆ ನಮ್ಮವರಿಗೆ ಇನ್ನೊಂದು ತೊಡಕು. ಫೋನಿನಲ್ಲಿ ಎಲ್ಲ ಮಾತಾಗಿ, ಕೊನೆಗೆ ಹೆಸರು ಕೇಳಿದ ಮೇಲೆ "ಮನೆ ಕೊಟ್ಟಾಯ್ತು ಮಾರ್ರೆ" ಎಂಬ ಉತ್ತರ ಕೇಳದ ಬ್ಯಾರಿ ಕುಟುಂಬ ಈ ಪೇಟೆಯಲ್ಲಿ ಕಡಿಮೆ. ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. 2006ರ ಸಾಚಾರ್ ಸಮಿತಿಯ ವರದಿಯಲ್ಲೂ ಮುಸ್ಲಿಮರಿಗೆ ಬೇರೆಯವರ ಬಡಾವಣೆಗಳಲ್ಲಿ ಮನೆ ಕೊಳ್ಳುವುದು, ಬಾಡಿಗೆಗೆ ಪಡೆಯುವುದು ಕಷ್ಟವಾಗಿದೆ ಎಂಬ ಮಾತು ದಾಖಲಾಗಿದೆ. ಅದೇ ಕುಲಶೇಖರದಲ್ಲಿ ತಮ್ಮ ಮನೆಯ ಮಾಳಿಗೆಯನ್ನು ಬ್ಯಾರಿ ಸಂಸಾರಕ್ಕೆ ಕೊಟ್ಟು, ರಂಝಾನಿನಲ್ಲಿ ಇಫ್ತಾರಿನ ತಟ್ಟೆ ತೆಗೆದುಕೊಂಡು, ಕ್ರಿಸ್ಮಸಿಗೆ ಕುಸ್ವಾರ್ ಕೊಡುವ ನೆರೆಮನೆಯವರೂ ಇದ್ದಾರೆ. ಅದನ್ನೂ ಹೇಳದಿದ್ದರೆ ನಾವು ನ್ಯಾಯ ಮಾಡಿದ ಹಾಗಾಗುವುದಿಲ್ಲ.

ಕಾನೂನಿನ ಲೆಕ್ಕದಲ್ಲಿ ಇಲ್ಲಿ ಒಂದು ಸೂಕ್ಷ್ಮ ಉಂಟು. ಸಂವಿಧಾನದ 15ನೇ ವಿಧಿಯು ಧರ್ಮದ ಹೆಸರಲ್ಲಿ ಭೇದ ಮಾಡಬಾರದು ಎಂದು ಸರ್ಕಾರಕ್ಕೆ ಹೇಳುತ್ತದೆ. ಖಾಸಗಿ ಮನೆಯ ಯಜಮಾನ ಯಾರಿಗೆ ಬಾಡಿಗೆಗೆ ಕೊಡುತ್ತಾನೆ ಎಂಬುದು ಅದರ ಹಿಡಿತಕ್ಕೆ ಸುಲಭದಲ್ಲಿ ಬರುವುದಿಲ್ಲ. 2005ರಲ್ಲಿ ಝೊರಾಸ್ಟ್ರಿಯನ್ ಸಹಕಾರಿ ಗೃಹ ನಿರ್ಮಾಣ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಸಂಘ ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಇಟ್ಟುಕೊಳ್ಳಬಹುದು ಎಂದೂ ಹೇಳಿದೆ. ಆದರೆ ಮನೆ ಸರ್ಕಾರದ್ದೋ ಪಾಲಿಕೆಯದ್ದೋ ಆದರೆ ಕತೆಯೇ ಬೇರೆ. ಅಲ್ಲಿ ಹೆಸರು ಕೇಳಿ ಬಾಗಿಲು ಹಾಕುವ ಹಾಗಿಲ್ಲ. ಹಾಗಾಗಿ ಸರ್ಕಾರಿ ಬಾಡಿಗೆ ಮನೆ ನಮಗೆ ಹಣದ ಉಳಿತಾಯ ಮಾತ್ರ ಅಲ್ಲ, ಹೆಸರಿನ ಹಂಗಿಲ್ಲದೆ ಸಿಗುವ ಸೂರು ಕೂಡಾ.

ಎಲ್ಲ ಯೋಜನೆಯೂ ಸ್ವಂತ ಮನೆಗೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮ್ಮಲ್ಲಿ ಉಂಟು. ಬಾಡಿಗೆಗೆ ಕುಳಿತವನ ಬಗ್ಗೆ ಗಾದೆಯೂ ಇಲ್ಲ, ಯೋಜನೆಯೂ ಬಹಳ ಕಾಲ ಇರಲಿಲ್ಲ. ರಾಜೀವ್ ಗಾಂಧಿ ವಸತಿ ನಿಗಮದ ಬಸವ ವಸತಿ, ಅಂಬೇಡ್ಕರ್ ನಿವಾಸ, ನಗರದವರಿಗೆ ವಾಜಪೇಯಿ ವಸತಿ ಯೋಜನೆ ಎಲ್ಲವೂ ಸ್ವಂತ ಮನೆಯ ಯೋಜನೆಗಳೇ. ಜಾಗ ಇದ್ದವನಿಗೆ ಕಟ್ಟಲು ಸಹಾಯ, ಇಲ್ಲದಿದ್ದರೆ ಪಾಲಿನ ಹಣ ಕಟ್ಟಿಸಿಕೊಂಡು ಫ್ಲ್ಯಾಟು.

ಸ್ವಂತ ಮನೆಯ ಸಾಲು ಎಷ್ಟು ಉದ್ದ ಎಂಬುದಕ್ಕೆ ನಾವು ದೂರ ಹೋಗಬೇಕಿಲ್ಲ. ಪಕ್ಕದ ಶಕ್ತಿನಗರದಲ್ಲೇ ಬಡವರಿಗಾಗಿ ಒಂಬೈನೂರಕ್ಕೂ ಹೆಚ್ಚು ಮನೆಗಳ ಸಮುಚ್ಚಯ ಕಟ್ಟಲು ಪಾಲಿಕೆ ಹೊರಟಿತ್ತು. ಆ ಜಾಗ ಅರಣ್ಯದ ವ್ಯಾಪ್ತಿಗೆ ಸೇರುತ್ತದೆ ಎಂಬ ತಕರಾರಿನಲ್ಲಿ ಕೆಲಸ ವರ್ಷಗಟ್ಟಲೆ ನಿಂತಿತು. ಪಕ್ಷಗಳು ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದವು. ಪಟ್ಟಿಯಲ್ಲಿ ಹೆಸರು ಬಂದವರು ಅಷ್ಟೂ ಕಾಲ ಬೇರೆಯವರ ಮನೆಗೆ ಬಾಡಿಗೆ ಕಟ್ಟುತ್ತಲೇ ಇದ್ದರು. ಆ ಬಾಡಿಗೆಗೆ ಯಾವ ಸಹಾಯವೂ ಇರಲಿಲ್ಲ.

ಬಾಡಿಗೆಯ ವಿಷಯ ದೆಹಲಿಗೆ ತಟ್ಟಿದ್ದು 2020ರಲ್ಲಿ. ಕೊರೊನಾ ಲಾಕ್‌ಡೌನಿನಲ್ಲಿ ಲಕ್ಷಾಂತರ ಕಾರ್ಮಿಕರು ಪೇಟೆಯ ಕೋಣೆಗಳನ್ನು ಬಿಟ್ಟು ಊರಿಗೆ ನಡೆದು ಹೋದದ್ದನ್ನು ದೇಶ ನೋಡಿತು. ಅದೇ ಜುಲೈಯಲ್ಲಿ ಕೇಂದ್ರ ಸಂಪುಟ ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರದ ಹಣದಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು ದಾರಿ, ಕಂಪೆನಿಗಳು, ಸಂಸ್ಥೆಗಳು ತಮ್ಮ ಜಾಗದಲ್ಲಿ ಹೊಸದಾಗಿ ಕಟ್ಟುವುದು ಇನ್ನೊಂದು ದಾರಿ. ಮೊದಲ ಬಾಡಿಗೆಯನ್ನು ಸ್ಥಳೀಯ ಆಡಳಿತ ನಿಗದಿ ಮಾಡಬೇಕು. ಏರಿಕೆ ಎರಡು ವರ್ಷಕ್ಕೊಮ್ಮೆ ಶೇ. 8, ಐದು ವರ್ಷದಲ್ಲಿ ಒಟ್ಟು ಶೇ. 20 ಮೀರಬಾರದು ಎಂಬ ಕಟ್ಟು. ಚಂಡೀಗಢ, ಸೂರತ್‌ನಂಥ ಕೆಲವೇ ನಗರಗಳಲ್ಲಿ ಖಾಲಿ ಮನೆಗಳಿಗೆ ಹೀಗೆ ಜನ ಬಂದರು. ದೇಶದ ಲೆಕ್ಕದಲ್ಲಿ ಅದು ಬಹಳ ಸಣ್ಣ ಕೆಲಸವಾಗಿಯೇ ಉಳಿಯಿತು.

ನಾಲ್ಕು ಬಾಗಿಲು, ನಮಗೆ ಯಾವುದು?

2024ರ ಸೆಪ್ಟೆಂಬರಿನಿಂದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0 ಜಾರಿಯಲ್ಲಿದೆ. ಐದು ವರ್ಷದಲ್ಲಿ ನಗರಗಳ ಒಂದು ಕೋಟಿ ಕುಟುಂಬಗಳಿಗೆ ಸಹಾಯ ಅದರ ಗುರಿ. ಇದರಲ್ಲಿ ನಾಲ್ಕು ವಿಭಾಗ ಉಂಟು. ಕುಲಶೇಖರದಲ್ಲಿ ಆಟೋ ಓಡಿಸುವ, ಮನೆಯಲ್ಲಿ ಹೆಂಡತಿ ಬೀಡಿ ಕಟ್ಟುವ ಒಂದು ಸಂಸಾರವನ್ನು ಮನಸ್ಸಿನಲ್ಲಿಟ್ಟು ನಾಲ್ಕನ್ನೂ ನೋಡೋಣ.

ಮೊದಲನೆಯದು ಸ್ವಂತ ಜಾಗದಲ್ಲಿ ಮನೆ ಕಟ್ಟುವವರಿಗೆ. ಕೇಂದ್ರ, ರಾಜ್ಯ ಸೇರಿ 2.50 ಲಕ್ಷ ರೂಪಾಯಿ ಸಹಾಯ. ಆದರೆ ಪಾಲಿಕೆ ವ್ಯಾಪ್ತಿಯಲ್ಲಿ ದಾಖಲೆ ಸರಿಯಿರುವ ಮೂರು ಸೆಂಟ್ಸು ಜಾಗ ಇದ್ದವನು ಬಾಡಿಗೆ ಮನೆಯಲ್ಲಿ ಯಾಕೆ ಇರುತ್ತಾನೆ?

ಎರಡನೆಯದು ಸಹಭಾಗಿತ್ವದಲ್ಲಿ ಕಟ್ಟಿದ ಫ್ಲ್ಯಾಟು. ಸಹಾಯಧನ ಕಳೆದು ಉಳಿದ ಮೊತ್ತ ಫಲಾನುಭವಿಯೇ ಹೊಂದಿಸಬೇಕು. ಹೊಂದಿಸುವುದು ಹೆಚ್ಚಾಗಿ ಬ್ಯಾಂಕ್ ಸಾಲದಿಂದ.

ಮೂರನೆಯದು ಬಡ್ಡಿ ಸಹಾಯಧನ. 35 ಲಕ್ಷದವರೆಗಿನ ಮನೆಗೆ ಮಾಡಿದ 25 ಲಕ್ಷದವರೆಗಿನ ಸಾಲದಲ್ಲಿ ಮೊದಲ 8 ಲಕ್ಷಕ್ಕೆ ಶೇ. 4ರ ಬಡ್ಡಿ ರಿಯಾಯಿತಿ, ಹೆಚ್ಚೆಂದರೆ 1.80 ಲಕ್ಷ ರೂಪಾಯಿ. ಬಡ್ಡಿಯ ವ್ಯವಹಾರ ಬೇಡವೆಂದು ದೂರ ಇರುವ ಕುಟುಂಬಕ್ಕೆ ಇದು ಇದ್ದೂ ಇಲ್ಲದ ಹಾಗೆ.

ಉಳಿಯುವುದು ಕೈಗೆಟಕುವ ಬಾಡಿಗೆ ವಸತಿ. ಸ್ವಂತ ಮನೆ ಬೇಡದವರಿಗೆ ಅಥವಾ ಕೊಳ್ಳುವ ಶಕ್ತಿ ಇಲ್ಲದವರಿಗೆ ಎಂದೇ ಅದನ್ನು ಇಟ್ಟಿದ್ದಾರೆ. 2020ರ ಆ ಎರಡು ದಾರಿಗಳೇ ಇಲ್ಲೂ ಇವೆ. ಹೊಸದಾಗಿ ಕಟ್ಟುವವರಿಗೆ ಹೊಸ ತಂತ್ರಜ್ಞಾನ ಬಳಸಿದರೆ ಕೇಂದ್ರ ಚದರ ಮೀಟರಿಗೆ 3,000 ರೂಪಾಯಿ, ರಾಜ್ಯ 2,000 ರೂಪಾಯಿ ಅನುದಾನ ಕೊಡುತ್ತದೆ. ಕೈಗಾರಿಕೆಯ ಕೆಲಸಗಾರರು, ಕಟ್ಟಡ ಕಾರ್ಮಿಕರು, ಬೀದಿ ವ್ಯಾಪಾರಿಗಳು, ದುಡಿಯುವ ಹೆಂಗಸರು ಎಲ್ಲ ಇದರ ವ್ಯಾಪ್ತಿಯಲ್ಲಿ ಬರುತ್ತಾರೆ. ಬೈಕಂಪಾಡಿಯ ಕೈಗಾರಿಕೆ, ಪಣಂಬೂರಿನ ಬಂದರು, ಇಷ್ಟೊಂದು ಆಸ್ಪತ್ರೆ, ಕಾಲೇಜು, ಮಾಲ್ ಇರುವ ಮಂಗಳೂರಿಗೆ ಇದಕ್ಕಿಂತ ಹೊಂದುವ ವಿಭಾಗ ಬೇರೆ ಇಲ್ಲ.

ಅದರ ಬಗ್ಗೆ ನಮ್ಮ ಮೊಹಲ್ಲಾಗಳಲ್ಲಿ ಯಾರಾದರೂ ಮಾತಾಡಿದ್ದು ನಾವು ಕೇಳಿಲ್ಲ. "ಉಸ್ತಾದ್, ಮನೆಯ ಸ್ಕೀಮ್ ಬಂದಿದೆಯಂತೆ, ನಮಗೆ ಜಾಗ ಇಲ್ಲ, ಹಾಗಾಗಿ ಆಗುವುದಿಲ್ಲ" ಎನ್ನುವ ಮಾತೇ ಹೆಚ್ಚು. ಜಾಗ ಇಲ್ಲದವರಿಗಾಗಿಯೇ ಒಂದು ಬಾಗಿಲು ಇದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಹಿಂದೊಮ್ಮೆ ಡಿಕ್ಲರೇಶನ್ ಕೊಟ್ಟವರು

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಇಂದು ಅರ್ಜಿ ಹಾಕಿದರೆ ನಾಳೆ ಬೀಗದ ಕೈ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಈ ಯೋಜನೆ ನಡೆಯುವುದು ಬೇಡಿಕೆಯ ಲೆಕ್ಕದ ಮೇಲೆ. ಯಾವ ಪೇಟೆಯಲ್ಲಿ ಎಷ್ಟು ಕುಟುಂಬ ಯಾವ ವಿಭಾಗ ಕೇಳಿವೆ ಎಂದು ಪಾಲಿಕೆ ನೋಡುತ್ತದೆ, ಅದರ ಮೇಲೆ ಪ್ರಸ್ತಾವ ರಾಜ್ಯಕ್ಕೆ, ಅಲ್ಲಿಂದ ಕೇಂದ್ರಕ್ಕೆ ಹೋಗುತ್ತದೆ. ಮಂಗಳೂರಿನಿಂದ ಬಾಡಿಗೆ ಮನೆಗೆ ಅರ್ಜಿಯೇ ಹೋಗದಿದ್ದರೆ, ಇಲ್ಲಿ ಬಾಡಿಗೆ ಮನೆ ಯಾರಿಗೂ ಬೇಡ ಎಂದೇ ದಾಖಲೆಯಲ್ಲಿ ಉಳಿಯುತ್ತದೆ.

ನಮ್ಮ ಜಿಲ್ಲೆಗೆ ಇದು ಹೊಸ ಪಾಠ ಅಲ್ಲ. ಮೂಲಗೇಣಿ, ಚಾಲಗೇಣಿ ಎಂಬ ಪದಗಳು ನಮ್ಮ ಹಿರಿಯರ ಬಾಯಲ್ಲಿ ಈಗಲೂ ಉಂಟು. ಚಾಲಗೇಣಿ ಒಕ್ಕಲನ್ನು ಧಣಿ ಬೇಕೆಂದಾಗ ಎಬ್ಬಿಸಬಹುದಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಅದನ್ನು ಬದಲಾಯಿಸಿತು. ಆದರೆ ಭೂಮಿ ತಾನಾಗಿ ಯಾರ ಕೈಗೂ ಬರಲಿಲ್ಲ. ಏಳನೇ ನಂಬ್ರದ ಫಾರ್ಮ್ ತುಂಬಿ ಡಿಕ್ಲರೇಶನ್ ಕೊಟ್ಟವರ ಅರ್ಜಿ ಭೂ ನ್ಯಾಯಮಂಡಳಿಯ ಮುಂದೆ ಬಂತು. ಧಣಿಯ ಮುಖ ನೋಡಿ, ದಾಕ್ಷಿಣ್ಯಕ್ಕೆ ಬಿದ್ದು, ಕಾಗದ ಗೊತ್ತಿಲ್ಲದೆ ಸುಮ್ಮನೆ ಕುಳಿತವರ ಮಕ್ಕಳಲ್ಲಿ ಎಷ್ಟೋ ಮಂದಿ ಇವತ್ತು ಪೇಟೆಯ ಬಿಡಾರಗಳಲ್ಲಿ ಹನ್ನೊಂದು ತಿಂಗಳು ಎಣಿಸುತ್ತಿದ್ದಾರೆ. ಅಂದಿನ ಧಣಿಗೂ ಇಂದಿನ ಮನೆ ಯಜಮಾನನಿಗೂ ಹೋಲಿಕೆ ಬೇಡ. ಅರ್ಜಿ ಹಾಕದವನ ಹಕ್ಕು ಲೆಕ್ಕಕ್ಕೆ ಬರುವುದಿಲ್ಲ ಎಂಬ ಮಾತು ಮಾತ್ರ ಅಂದೂ ಇಂದೂ ಒಂದೇ.

ಅರ್ಜಿಗೆ ಈಗ ಇನ್ನೂ ಎರಡು ಕಾರಣ ಉಂಟು. ಒಂದು, 2025ರ ಜೂನ್‌ನಲ್ಲಿ ರಾಜ್ಯ ಸಂಪುಟ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ 15ಕ್ಕೆ ಏರಿಸಲು ತೀರ್ಮಾನಿಸಿತು. ಅಲ್ಪಸಂಖ್ಯಾತರೆಂದರೆ ನಾವು ಮಾತ್ರ ಅಲ್ಲ, ನಮ್ಮ ನೆರೆಯ ಕ್ರೈಸ್ತರೂ ಜೈನರೂ ಸೇರಿದ್ದಾರೆ. ಆದರೆ ಅರ್ಜಿಯೇ ಇಲ್ಲದಲ್ಲಿ ಶೇಕಡಾ ಎಷ್ಟಾದರೇನು? ಎರಡು, ಮಂಗಳೂರು ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2025ರ ಫೆಬ್ರವರಿಯಲ್ಲಿ ಮುಗಿದು ಆಡಳಿತ ಆಡಳಿತಾಧಿಕಾರಿಯ ಕೈಗೆ ಹೋಯಿತು. ಕಾರ್ಪೊರೇಟರ್ ಇಲ್ಲದಾಗ ವಾರ್ಡಿನ ಬೇಡಿಕೆ ಸಭೆಯಲ್ಲಿ ಮಾತಾಗಿ ಬರುವುದಿಲ್ಲ, ಕಾಗದವಾಗಿ ಮಾತ್ರ ಬರುತ್ತದೆ.

ಕಾಗದಗಳ ಲೆಕ್ಕ

ಯಾರು ಅರ್ಹರು? ಕುಟುಂಬದ ವರ್ಷದ ಆದಾಯ 3 ಲಕ್ಷದವರೆಗೆ ಇದ್ದರೆ ಆರ್ಥಿಕವಾಗಿ ದುರ್ಬಲ ವರ್ಗ, 3ರಿಂದ 6 ಲಕ್ಷ ಇದ್ದರೆ ಕಡಿಮೆ ಆದಾಯ ವರ್ಗ. ತಿಂಗಳ ಲೆಕ್ಕದಲ್ಲಿ 25,000 ಮತ್ತು 50,000. ನಮ್ಮ ಆಟೋದವರು, ಧಕ್ಕೆಯ ಕೆಲಸದವರು, ಅಂಗಡಿಯ ಹುಡುಗರು ಹೆಚ್ಚಾಗಿ ಇದರೊಳಗೆ ಬರುತ್ತಾರೆ. ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಹಾಗಾಗಿ ಉಮ್ಮ, ಬಾಪನ ಮನೆಯ ಒಂದು ಕೋಣೆಯಲ್ಲಿ ಸಂಸಾರ ಮಾಡುವ ಮದುವೆಯಾದ ಮಗನದ್ದು ಬೇರೆ ಕುಟುಂಬ. ಯೋಜನೆಯ ಮುಖ್ಯ ಶರತ್ತು ಎರಡು: ದೇಶದಲ್ಲಿ ಎಲ್ಲೂ ಕುಟುಂಬದವರ ಹೆಸರಲ್ಲಿ ಪಕ್ಕಾ ಮನೆ ಇರಬಾರದು, ಕಳೆದ 20 ವರ್ಷದಲ್ಲಿ ಸರ್ಕಾರದ ವಸತಿ ಸಹಾಯ ಪಡೆದಿರಬಾರದು. ವಿಧವೆಯರು, ಒಂಟಿ ಹೆಂಗಸರು, ಅಂಗವಿಕಲರು, ಹಿರಿಯರು, ಅಲ್ಪಸಂಖ್ಯಾತರು, ಕಟ್ಟಡ ಕಾರ್ಮಿಕರು, ಬೀದಿ ವ್ಯಾಪಾರಿಗಳಿಗೆ ಆದ್ಯತೆ ಎಂದು ಯೋಜನೆ ಹೇಳುತ್ತದೆ.

ಎಲ್ಲಿ ಹಾಕುವುದು? ಯೋಜನೆಯ ಪೋರ್ಟಲಿನಲ್ಲಿ ನಾವೇ ಹಾಕಬಹುದು, ಇಲ್ಲದಿದ್ದರೆ ಲಾಲ್‌ಬಾಗಿನ ಪಾಲಿಕೆ ಕಚೇರಿಯಲ್ಲಿ ವಿಚಾರಿಸಬಹುದು. ಯಾವ ವಿಭಾಗ ಬೇಕೆಂದು ಕೇಳುವಲ್ಲಿ ಸರಿಯಾಗಿ ನೋಡಿ. ಸೈಬರ್ ಅಂಗಡಿಯ ಹುಡುಗ ಅವಸರದಲ್ಲಿ ಸ್ವಂತ ಜಾಗದ ವಿಭಾಗ ಒತ್ತಿದರೆ, ಜಾಗದ ದಾಖಲೆ ಇಲ್ಲದ ಅರ್ಜಿ ಅಲ್ಲೇ ಮುಗಿಯಿತು. ಬಾಡಿಗೆ ವಿಭಾಗ ಎಂದು ಹೇಳಿ ಹಾಕಿಸಿ, ಅರ್ಜಿಯ ನಂಬ್ರವನ್ನು ಬರೆದಿಟ್ಟುಕೊಳ್ಳಿ.

ಕಾಗದಗಳಲ್ಲಿ ನಮ್ಮವರು ಎಡವುವ ಜಾಗಗಳು ನಮಗೆ ಗೊತ್ತಿರುವಂಥವೇ.

ಮೊದಲನೆಯದು ಹೆಸರು. ಒಂದು ಕಾರ್ಡಿನಲ್ಲಿ ಮುಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್. ಆಧಾರಿನಲ್ಲಿ ಫಾತಿಮತ್, ಬ್ಯಾಂಕಿನಲ್ಲಿ ಬೀಫಾತಿಮಾ. ನಮಗೆ ಒಂದೇ ಹೆಂಗಸು, ಕಂಪ್ಯೂಟರಿಗೆ ಇಬ್ಬರು. ಕುಟುಂಬದ ಎಲ್ಲರ ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪುಸ್ತಕ ಒಟ್ಟಿಗೆ ಹಾಸಿ ಒಮ್ಮೆ ಹೋಲಿಸಿ ನೋಡಿ.

ಎರಡನೆಯದು ಫೋನು. ಆಧಾರಿಗೆ ಜೋಡಿಸಿದ ನಂಬ್ರ ಗಲ್ಫಿಗೆ ಹೋದ ಗಂಡನ ಕಿಸೆಯಲ್ಲಿ ಇದ್ದರೆ, ಇಲ್ಲವೇ ಆ ಸಿಮ್ ಬಂದಾಗಿದ್ದರೆ, ಓಟಿಪಿ ಬರುವುದಿಲ್ಲ, ಅರ್ಜಿ ಮುಂದೆ ಹೋಗುವುದಿಲ್ಲ. ಆಧಾರ್ ಕೇಂದ್ರದಲ್ಲಿ ಮೊದಲು ಇದನ್ನು ಸರಿಮಾಡಿಸಿ.

ಮೂರನೆಯದು ಆದಾಯ. ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣ ಪತ್ರಕ್ಕೆ ಐದು ವರ್ಷದ ಅವಧಿ. ಮಕ್ಕಳ ಸ್ಕಾಲರ್‌ಶಿಪ್ಪಿಗೆ ಮಾಡಿಸಿದ್ದರ ತಾರೀಕು ಒಮ್ಮೆ ನೋಡಿ. ಇರುವುದನ್ನು ಇರುವ ಹಾಗೆ ಬರೆಯಿಸಿ. ಊರಿನಲ್ಲಿ ಟೆರೇಸ್ ಮನೆ ಇಟ್ಟುಕೊಂಡು ಇಲ್ಲ ಎಂದು ಅಫಿಡವಿಟ್ ಮಾಡುವವನು ಸರ್ಕಾರಕ್ಕೆ ಮಾತ್ರ ಸುಳ್ಳು ಹೇಳುವುದಲ್ಲ. ಅವನು ತಿನ್ನುವುದು ಇನ್ನೊಬ್ಬ ಬಡವನ ಪಾಲು, ಅದರ ಹಿಸಾಬು ಬೇರೆ ಕಡೆ ಉಂಟು.

ನಾಲ್ಕನೆಯದು ವಿಳಾಸ. ಎಲ್ಲಕ್ಕಿಂತ ಕಷ್ಟ ಇದರದ್ದೇ. ನೀವು ಕುಲಶೇಖರದಲ್ಲಿ ವಾಸ ಮಾಡುತ್ತೀರಿ ಎಂಬುದಕ್ಕೆ ಬಾಡಿಗೆ ಎಗ್ರಿಮೆಂಟು ಬೇಕು. ಅದನ್ನು ಕೊಡಬೇಕಾದವರು ಮನೆ ಯಜಮಾನರು.

ನಮ್ಮ ಕೈಯಲ್ಲೇ ಇರುವುದು

ಇಲ್ಲಿಗೆ ಬಂದಾಗ ಬೆರಳು ಸರ್ಕಾರದಿಂದ ನಮ್ಮ ಕಡೆಗೆ ತಿರುಗುತ್ತದೆ. ಬಾಡಿಗೆಗೆ ಮನೆ ಕೊಡುವವರಲ್ಲಿ ನಮ್ಮವರೂ ಬೇಕಾದಷ್ಟು ಮಂದಿ ಇದ್ದಾರೆ. ಗಲ್ಫಿನ ದುಡಿಮೆಯಲ್ಲಿ ಕಟ್ಟಿದ ಎರಡು ಮಾಳಿಗೆಯ ಮನೆ, ಹಿಂಬದಿಯಲ್ಲಿ ನಾಲ್ಕು ಬಿಡಾರ. "ಎಗ್ರಿಮೆಂಟು ಯಾಕೆ, ನಾವು ನಾವೇ ಅಲ್ವಾ?" ಎನ್ನುವ ಮಾತು ಕೇಳಲು ಚಂದ. ಕಾಗದ ಕೊಟ್ಟರೆ ಟ್ಯಾಕ್ಸು ಬರುತ್ತದೆ, ಬಿಡಿಸುವುದು ಕಷ್ಟ ಎಂಬ ಹೆದರಿಕೆ ಅದರ ಹಿಂದೆ. ಆದರೆ ಆ ಒಂದು ಕಾಗದ ಇಲ್ಲದೆ ಬಾಡಿಗೆಯ ಕುಟುಂಬಕ್ಕೆ ವಿಳಾಸ ಇಲ್ಲ, ವಿಳಾಸ ಇಲ್ಲದೆ ಅರ್ಜಿ ಇಲ್ಲ.

ದುಬೈಯಲ್ಲಿ ಇದ್ದು ಬಂದವರಿಗೆ ನಾವು ಇದನ್ನು ಹೇಳಿಕೊಡಬೇಕಿಲ್ಲ. ಅಲ್ಲಿ ಬಾಡಿಗೆ ಕರಾರನ್ನು 'ಇಜಾರಿ'ಯಲ್ಲಿ ನೋಂದಾಯಿಸದೆ ಕರೆಂಟು ಸಿಗುವುದಿಲ್ಲ, ಫ್ಯಾಮಿಲಿ ವೀಸಾವೂ ಆಗುವುದಿಲ್ಲ. ಅಲ್ಲಿ ತಲೆಬಾಗಿ ಪಾಲಿಸಿದ ಶಿಸ್ತನ್ನು ಊರಿಗೆ ಬಂದು ಮನೆ ಯಜಮಾನರಾದ ಕೂಡಲೇ ಮರೆಯುವುದು ಸರಿಯೇ? ಆ ಪದವಾದರೂ ನಮ್ಮದೇ. ಫಿಖ್ಹ್‌ನ ಕಿತಾಬುಗಳಲ್ಲಿ 'ಇಜಾರ' ಎಂಬ ಅಧ್ಯಾಯವೇ ಇದೆ. ಬಾಡಿಗೆ ಎಷ್ಟು, ಅವಧಿ ಎಷ್ಟು ಎಂಬುದು ಇಬ್ಬರಿಗೂ ಸ್ಪಷ್ಟ ಇರಬೇಕು ಎಂಬುದು ಅದರ ಮೊದಲ ಪಾಠ.

ಅಡ್ವಾನ್ಸಿನ ವಿಷಯವೂ ಹೀಗೆಯೇ. ಬಾಡಿಗೆದಾರ ಕೊಟ್ಟ ಅಡ್ವಾನ್ಸು ಹಿಂದೆ ಕೊಡಬೇಕಾದ ಹಣ, ಅಂದರೆ ಯಜಮಾನನ ಮೇಲಿರುವ ಸಾಲ. ಕುರ್‌ಆನಿನ ಅತಿ ದೀರ್ಘ ವಚನ, ಅಲ್ ಬಖರದ 282ನೆಯದು, ಸಾಲದ ವ್ಯವಹಾರವನ್ನು ಸಾಕ್ಷಿಗಳಿಟ್ಟು ಬರೆದಿಡುವ ಬಗ್ಗೆಯೇ ಇದೆ. ಬರೆದುಕೊಡುವುದು ಅಪನಂಬಿಕೆ ಅಲ್ಲ, ದೀನಿನ ಅದಬು. ಮನೆ ಬಿಡುವಾಗ ಪೈಂಟಿನ ಲೆಕ್ಕ, ನಲ್ಲಿಯ ಲೆಕ್ಕ ಹೇಳಿ ಅಡ್ವಾನ್ಸ್ ಕತ್ತರಿಸುವ ಜಗಳಗಳಲ್ಲಿ ಹೆಚ್ಚಿನವು ಮೊದಲೇ ಬರೆದಿದ್ದರೆ ಆಗುತ್ತಲೇ ಇರಲಿಲ್ಲ.

ಲೀಸಿನ ಬಗ್ಗೆಯೂ ಒಂದು ಮಾತು. ನಾಲ್ಕೈದು ಲಕ್ಷ ಇಡಿಯಾಗಿ ಕೊಟ್ಟು, ಬಾಡಿಗೆ ಇಲ್ಲದೆ ಕುಳಿತು, ಬಿಡುವಾಗ ಇಡೀ ಮೊತ್ತ ಹಿಂದೆ ಪಡೆಯುವುದು ಕೆಲವರಿಗೆ ಸುಲಭದ ದಾರಿ ಎಂದು ಕಾಣುತ್ತದೆ. ಸಾಲ ಕೊಟ್ಟವನು ಶರತ್ತು ಹಾಕಿ ಅದರಿಂದ ಲಾಭ ಪಡೆಯುವುದು ರಿಬಾ ಎಂಬುದು ಉಲಮಾಗಳ ಪ್ರಬಲ ಅಭಿಪ್ರಾಯ. ಹಾಗಾಗಿ ಸಹಿ ಹಾಕುವ ಮೊದಲು ನಿಮ್ಮ ಖತೀಬರಲ್ಲಿ ಕೇಳಿ. ಲೋಕದ ಲೆಕ್ಕದಲ್ಲೂ ಅಪಾಯ ಇದೆ. ಯಜಮಾನ ಆ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಟ್ಟದಿದ್ದರೆ, ಮನೆಯೂ ಹೋಗಿ ಹಣಕ್ಕೂ ಅಲೆಯಬೇಕಾದೀತು.

ಬಾಡಿಗೆಯವರಿಗೆ ಈಗಲೇ ಸಿಗುವ ಒಂದು ಸಹಾಯವನ್ನೂ ಎಷ್ಟೋ ಮಂದಿ ಬಿಟ್ಟಿದ್ದಾರೆ. 2023ರಲ್ಲಿ ಶುರುವಾದ ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಹಿಂದಿನ ಮನೆಯ ಮೀಟರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಮನೆ ಬಿಡುವಾಗ ಅದನ್ನು ತೆಗೆಸಿ, ಹೊಸ ಮನೆಯ ಆರ್‌ಆರ್ ನಂಬ್ರಕ್ಕೆ ಜೋಡಿಸಬೇಕು. ಸೇವಾಸಿಂಧುವಿನಲ್ಲಿ ಇದಕ್ಕೆ ದಾರಿ ಉಂಟು. ಅದಕ್ಕೂ ಕೇಳುವುದು ಅದೇ ಎಗ್ರಿಮೆಂಟು ಅಥವಾ ವಿಳಾಸದ ದಾಖಲೆ.

ಜಮಾಅತಿಗೆ ಮೂರು ಕೆಲಸ

ಸರ್ಕಾರದ ಬಾಡಿಗೆ ಮನೆ ಬರುವವರೆಗೆ ಸುಮ್ಮನೆ ಕಾಯಬೇಕಿಲ್ಲ. ಜಮಾಅತ್ ಕಮಿಟಿಗಳಿಂದ ಆಗುವ ಮೂರು ಕೆಲಸ ನಮಗೆ ಕಾಣುತ್ತದೆ.

ಒಂದು, ತಿಂಗಳಿಗೊಂದು ಭಾನುವಾರ ಮದ್ರಸದ ಹಾಲಿನಲ್ಲಿ ಅರ್ಜಿ ಬರೆಯುವ ವ್ಯವಸ್ಥೆ. ಮೊಹಲ್ಲಾದಲ್ಲಿ ಡಿಗ್ರಿ ಓದುವ ಮಕ್ಕಳು ಎರಡು ಲ್ಯಾಪ್‌ಟಾಪ್ ಇಟ್ಟು ಕುಳಿತರೆ ಸಾಕು. ಜಾತಿ, ಧರ್ಮ ನೋಡದೆ ಊರಿನ ಯಾರು ಬಂದರೂ ಬರೆದುಕೊಡಬೇಕು. ಬೇಡಿಕೆ ಕುಲಶೇಖರದ್ದಾಗಿ ಹೋದರೆ ಅದರ ತೂಕ ಬೇರೆ.

ಎರಡು, ಮಸೀದಿಯ ಆಸ್ತಿ. ಎಷ್ಟೋ ಮಸೀದಿಗಳಿಗೆ ಅಂಗಡಿ ಕೋಣೆಗಳ ಬಾಡಿಗೆ ಬರುತ್ತದೆ. ವಾಕಿಫ್‌ನ ಶರತ್ತಿಗೆ ಧಕ್ಕೆ ಬಾರದ ಹಾಗೆ, ವಕ್ಫ್ ಬೋರ್ಡಿನ ನಿಯಮದಂತೆ, ಅದರ ಮೇಲೆ ನಾಲ್ಕು ಸಣ್ಣ ಮನೆ ಕಟ್ಟಿ ವಿಧವೆಯರಿಗೆ, ಕಡಿಮೆ ಸಂಬಳದವರಿಗೆ ಕಡಿಮೆ ಬಾಡಿಗೆಗೆ ಕೊಡಬಾರದೇ? ಮಿನಾರದ ಎತ್ತರಕ್ಕೆ ಚಂದಾ ಎತ್ತುವ ನಮಗೆ ಇದು ಆಗದ ಕೆಲಸ ಅಲ್ಲ. ಇದಕ್ಕೆ ಸದಖದ ಹಣ ಬೇಕು, ಝಕಾತಿನ ಹಣದಲ್ಲಿ ಮಸೀದಿಯ ಕಟ್ಟಡ ಕಟ್ಟುವ ಹಾಗಿಲ್ಲ. ಝಕಾತ್ ಅರ್ಹರ ಕೈಗೇ ಸೇರಬೇಕು. ಅಡ್ವಾನ್ಸ್ ಹೊಂದಿಸಲಾಗದ ಫಖೀರನಿಗೆ, ಬಾಡಿಗೆ ಬಾಕಿಯ ಸಾಲದಲ್ಲಿ ಮುಳುಗಿದವನಿಗೆ ಅದನ್ನು ಕೈಯಲ್ಲಿ ಕೊಡಬಹುದು.

ಮೂರು, ನಮ್ಮ ಮನೆ ಯಜಮಾನರಿಗೆ ಜುಮಾ ದಿನ ಎರಡು ಮಾತು. ಎಗ್ರಿಮೆಂಟು ಕೊಡಿ, ಶಾಲೆಯ ವರ್ಷ ಮುಗಿಯುವ ಮೊದಲು ಎಬ್ಬಿಸಬೇಡಿ. ಇಷ್ಟು ಮಾಡಿದರೆ ಮಕ್ಕಳ ಕಲಿಕೆಯಾದರೂ ಅರ್ಧದಲ್ಲಿ ತುಂಡಾಗುವುದಿಲ್ಲ.

ಹಿಜ್ರಾದ ಬಳಿಕ ಮದೀನಾದಲ್ಲಿ ಪ್ರವಾದಿ (ಸ) ಅವರು ತಮ್ಮ ಮನೆ ಆಗುವವರೆಗೆ ಕೆಲವು ತಿಂಗಳು ಅಬೂ ಅಯ್ಯೂಬ್ ಅಲ್ ಅನ್ಸಾರಿ ಅವರ ಮನೆಯಲ್ಲಿ ಇದ್ದರು. ಮುಹಾಜಿರ್‌ಗಳಿಗೆ ಅನ್ಸಾರ್‌ಗಳು ಮನೆಯ ಬಾಗಿಲು ತೆರೆದರು. ಮನೆ ಇಲ್ಲದ ಸಹಾಬಿಗಳು ಮಸೀದಿಯ ಸುಫ್ಫಾದಲ್ಲಿ ಇದ್ದುಕೊಂಡು ಇಲ್ಮು ಕಲಿತರು. ಮಸೀದಿಗೂ ಸೂರಿಗೂ ಇರುವ ಸಂಬಂಧ ಅಷ್ಟು ಹಳೆಯದು.

ಬರುವ ಶವ್ವಾಲಿನಲ್ಲಿ ಹೊಸ ಹಾಜರಿ ಪುಸ್ತಕ ಬರೆಯುತ್ತೇವೆ. ಅದಕ್ಕಿಂತ ಮೊದಲು, ಬಾಡಿಗೆ ಮನೆಯಲ್ಲಿರುವ ಪ್ರತಿ ಕುಟುಂಬ ಆಧಾರ್, ಆದಾಯ ಪತ್ರ, ಬ್ಯಾಂಕ್ ಪುಸ್ತಕ, ಎಗ್ರಿಮೆಂಟು ಈ ನಾಲ್ಕನ್ನು ಒಂದು ಚೀಲದಲ್ಲಿ ಹಾಕಿಟ್ಟು, ಬಾಡಿಗೆ ವಿಭಾಗಕ್ಕೆ ಒಂದು ಅರ್ಜಿ ಹಾಕಲಿ. ಮನೆ ಯಾವಾಗ ಸಿಗುತ್ತದೆ ಎಂಬುದು ಅಲ್ಲಾಹುವಿನ ಕೈಯಲ್ಲಿ. ಅರ್ಜಿ ಹಾಕುವುದು ನಮ್ಮ ಕೈಯಲ್ಲಿ.